ಕ್ಯಾಲೆಂಡರ್ ಹಾಳೆಯ ಮುಲಾಮು

ಮೂವತ್ತನಾಲ್ಕು ವರ್ಷ ಚರ್ಮದ ಡಾಕ್ಟರಾಗಿ ದುಡಿದೆ. ಅಷ್ಟೂ ವರ್ಷ ರೋಗಿ ಎದುರು ಕೂತ ತಕ್ಷಣ ನಾನು ಕೇಳಿದ್ದು ಒಂದೇ ಪ್ರಶ್ನೆ: "ಎನ್ನ ತಡವಿನೀಂಗ?" ಏನು ಹಚ್ಚಿಕೊಂಡಿರಿ ಅಂತ. ಬಂದ ಮೊದಲ ಉತ್ತರವೂ ಒಂದೇ: "ಒಣ್ಣುಮೇ ಇಲ್ಲ ಡಾಕ್ಟರ್." ಏನೂ ಇಲ್ಲವಂತೆ! ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಮುಖ ನೋಡುತ್ತ ಕೂರುತ್ತಿದ್ದೆ. ಎರಡು ನಿಮಿಷವಾದ ಮೇಲೆ ಒಂದೊಂದೇ ಹೊರಗೆ ಬರುತ್ತಿತ್ತು.

ನಿಂಬೆಹಣ್ಣು ಉಜ್ಜಿದ್ದನ್ನು ಯಾರೂ ಹಚ್ಚಿದ್ದು ಅಂತ ಒಪ್ಪುತ್ತಲೇ ಇರಲಿಲ್ಲ. ಅದು ಹಣ್ಣಲ್ಲವೇ, ಔಷಧಿಯೇ? ಅದೇ ಹಣ್ಣಿನ ರಸ ಬಳಿದುಕೊಂಡು ಮದರಾಸಿನ ಬಿಸಿಲಲ್ಲಿ ಬಸ್ಸಿಗೆ ಕಾದು, ಕೆನ್ನೆ ಸುಟ್ಟುಕೊಂಡು ಬರುತ್ತಿದ್ದರು. ಮೊಡವೆಗೆ ಹಲ್ಲುಜ್ಜುವ ಪೇಸ್ಟು. ಬೆವರುಗುಳ್ಳೆಗೆ ಡಬ್ಬಿಗಟ್ಟಲೆ ಪೌಡರು, ಅದು ಬೆವರಿನ ಜೊತೆ ಕಲಸಿ ಹಿಟ್ಟಾಗಿ ಕಂಕುಳಲ್ಲಿ ಕೂತಿರುತ್ತಿತ್ತು. ಸ್ನಾನದ ಬಕೆಟ್ಟಿಗೆ ಗಾಯ ತೊಳೆಯುವ ಲೋಷನ್ನು, ದಿನಾ, ಒಂದು ಮುಚ್ಚಳ ಅಂತ ಶುರುವಾಗಿದ್ದು ಮೂರು ಮುಚ್ಚಳಕ್ಕೆ ಏರಿರುತ್ತಿತ್ತು. ಮೈ ಒಣಗಿ ಕೆರೆತ ಬಂದರೆ, ಕೊಳೆ ಹೋಗಿಲ್ಲ ಅಂತ ಇನ್ನೊಂದು ಸಲ ನಾರು ಹಾಕಿ ಉಜ್ಜುವುದು! ಚರ್ಮವನ್ನು ಪಾತ್ರೆ ಅಂದುಕೊಂಡ ಜನ ಸ್ವಾಮಿ ನಾವು.

ನನ್ನ ತಂಗಿಯ ಮಗಳು ಅಪೂರ್ವ ಈಗ ಇದೇ ವಿದ್ಯೆಗೆ ಇಳಿದಿದ್ದಾಳೆ. ಮಾಧವರಂ ಕಡೆಯ ಒಂದು ಆಸ್ಪತ್ರೆಯಲ್ಲಿ ಹೊಸ ಡಾಕ್ಟರು. "ದೊಡ್ಡಮ್ಮ, ನಿಮ್ಮ ಎಕ್ಸ್‌ಪೀರಿಯನ್ಸ್ ಎಲ್ಲಾ ಬರೀರಿ, ನಮ್ಗೆ ಯೂಸ್ ಆಗತ್ತೆ" ಅಂತ ಒಂದು ವರ್ಷದಿಂದ ಪೀಡಿಸುತ್ತಿದ್ದಳು. ನಾನು ಮುಂದೂಡುತ್ತಲೇ ಬಂದೆ. ಬರೆಯಲು ಕೂತರೆ ಒಂದು ವಿಷಯ ಬರೆಯಲೇಬೇಕಾಗುತ್ತದೆ, ಅದು ನನಗೆ ಗೊತ್ತಿತ್ತು. ಹೋದ ತಿಂಗಳು ಅವಳೇ ಬಂದು ನನ್ನನ್ನು ತಪ್ಪಿಸಿಕೊಳ್ಳಲಾಗದ ಹಾಗೆ ಹಿಡಿದಳು. ಅದು ಹೇಗೆ ಅನ್ನುವುದು ಕೊನೆಗೆ ಬರಲಿ.

ನಾನು ಸೇರಿದ ಆಸ್ಪತ್ರೆ ಪೆರಂಬೂರಿನಲ್ಲಿ ರೈಲ್ವೆ ವರ್ಕ್‌ಶಾಪುಗಳಿಗೆ ಹತ್ತಿರ ಇತ್ತು. ಹೆಸರು ಬೇಡ. ಚರ್ಮ ವಿಭಾಗ ಅಂದರೆ ಒಂದು ಉದ್ದನೆಯ ಕೋಣೆ, ಎರಡು ಮೇಜು, ಒಂದು ಮರೆ ಪರದೆ, ಮತ್ತು ಪೂರ್ವಕ್ಕೆ ಒಂದು ದೊಡ್ಡ ಕಿಟಕಿ. ಪಕ್ಕದಲ್ಲಿ ಮುಲಾಮು ಕಲಸುವ ಜಾಗ. ಕಾಂಪೌಂಡರು ಬಿಳಿ ಹೆಂಚಿನ ಮೇಲೆ ಟಾರು, ಗಂಧಕ, ಜೆಲ್ಲಿ ಹಾಕಿ ಚಪ್ಪಟೆ ಅಲಗಿನಲ್ಲಿ ಚರ್ ಚರ್ ಅಂತ ಕಲಸುತ್ತಿದ್ದ. ಆ ವಾಸನೆ ನನ್ನ ಸೀರೆಗೆ ಹತ್ತಿ ಮನೆತನಕ ಬರುತ್ತಿತ್ತು. ನಮ್ಮತ್ತೆ ಬಾಗಿಲಲ್ಲೇ ಮೂಗು ಮುರಿದು, "ರಸ್ತೆಗೆ ಡಾಂಬರು ಹಾಕಿ ಬಂದ್ಯಾ?" ಅನ್ನುತ್ತಿದ್ದರು. ಈಗ ಎಲ್ಲ ಟ್ಯೂಬಿನಲ್ಲಿ ಬರುತ್ತದೆ, ಒಂದಕ್ಕೂ ಆ ವಾಸನೆಯಿಲ್ಲ.

ನಮ್ಮ ಚೀಫು ವರದರಾಜನ್ ಸಾರ್. ಹಣೆಯ ಮೇಲೆ ಒಂದೇ ಒಂದು ಕೆಂಪು ಗೆರೆ, ನೆಟ್ಟಗೆ. ಮಾತು ಕಡಿಮೆ, ಆಡಿದರೆ ಚುರುಕು ಮುಟ್ಟಿಸುವುದು. ಟ್ಯೂಬ್‌ಲೈಟಿನ ಕೆಳಗೆ ಚರ್ಮ ನೋಡಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಪ್ರತಿ ರೋಗಿಯ ಕೈ ಹಿಡಿದು ಎಬ್ಬಿಸಿ ಕಿಟಕಿಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಕುಷ್ಠವಾಗಲಿ, ಕಜ್ಜಿಯಾಗಲಿ, ಕೈ ಹಿಡಿಯದೆ ಬಿಡುತ್ತಿರಲಿಲ್ಲ. "ಅರ್ಧ ರೋಗ ಬೆಳಕಿನಲ್ಲಿ ಗೊತ್ತಾಗತ್ತೆ, ಇನ್ನರ್ಧ ಕೈಯಲ್ಲಿ. ಪುಸ್ತಕ ಆಮೇಲೆ" ಅನ್ನುತ್ತಿದ್ದರು, ತಮಿಳಿನಲ್ಲಿ.

ಸೇರಿದ ಹೊಸದರಲ್ಲಿ ನನ್ನ ಕೈಗೆ ಸಿಕ್ಕವರು ವರ್ಕ್‌ಶಾಪಿನ ಗಂಡಸರು. ಅಂಗೈಯೆಲ್ಲ ಬಿರುಕು, ಅನ್ನ ಕಲಸಲು ಆಗದಷ್ಟು ಉರಿ. ಗ್ರೀಸಿನಿಂದ ಬಂದದ್ದು ಅಂತ ನಾನು ಬರೆದೆ. ಸಾರ್ ಒಬ್ಬನನ್ನು ಕೂರಿಸಿಕೊಂಡು, ಸಂಜೆ ಕೈ ಹೇಗೆ ತೊಳೆಯುತ್ತೀಯ, ಮಾಡಿ ತೋರಿಸು ಅಂದರು. ಅವನು ಗಾಳಿಯಲ್ಲೇ ತೋರಿಸಿದ. ಮೊದಲು ಸೀಮೆಎಣ್ಣೆ, ಮೇಲೆ ಮರದ ಹೊಟ್ಟು, ಆಮೇಲೆ ಬಟ್ಟೆ ಸೋಪಿನ ಪುಡಿ, ನೊರೆ ಬರುವ ತನಕ. ಗ್ರೀಸು ಪಾಪ ಏನೂ ಮಾಡಿರಲಿಲ್ಲ, ತೊಳೆದದ್ದೇ ಕೈ ತಿಂದಿತ್ತು. ಕೆಲಸಕ್ಕೆ ಹೋಗುವ ಮುಂಚೆ ತೆಂಗಿನೆಣ್ಣೆ ಸವರಿಕೊಂಡು ಹೋಗು, ಸಂಜೆ ಸಾದಾ ಸೋಪು ಸಾಕು ಅಂತ ಹೇಳಿ ಕಳಿಸಿದರು. ಮೂರು ವಾರಕ್ಕೆ ಅವನು ನಮಗೆಲ್ಲ ಕೈ ತೋರಿಸಲೆಂದೇ ಬಂದ.

ಇನ್ನೊಂದು ಸಲ ಒಬ್ಬರು ವಯಸ್ಸಾದ ಅಯ್ಯಂಗಾರ್ ಮಾಮ ಬಂದರು. ನಾಮ ಹಾಕುವ ಜಾಗವೇ ಹುಣ್ಣಾಗಿ ನೀರು ಒಸರುತ್ತಿತ್ತು. ನಾನು ದೊಡ್ಡ ಜಾಣೆ, ತಟ್ಟನೆ ಅಂದೆ, "ನಾಮ ಹಾಕೋದು ಬಿಟ್ಟುಬಿಡಿ." ಅವರು ಎದ್ದು ಪಂಚೆ ಸರಿಮಾಡಿಕೊಂಡು ಹೊರಟೇಬಿಟ್ಟರು. ಸಾರ್ ವರಾಂಡದತನಕ ಹೋಗಿ ಅವರನ್ನು ವಾಪಸು ಕರೆತಂದರು. ಕೇಳಿದರೆ, ಮೊದಲೆಲ್ಲ ಮನೆಯಲ್ಲೇ ಅರಿಶಿನ ಸುಣ್ಣ ಸೇರಿಸಿ ಶ್ರೀಚೂರ್ಣ ಮಾಡುತ್ತಿದ್ದರಂತೆ. ಹೆಂಡತಿ ಹೋದ ಮೇಲೆ ಅಂಗಡಿಯ ಪುಡಿ, ಥಳಥಳ ಕೆಂಪು. ಸಾರ್ ಹೇಳಿದರು, "ಹತ್ತು ದಿನ ಬರೀ ನೀರಲ್ಲಿ ಎಳ್ಕೊಳ್ಳಿ ಮಾಮ. ಪೆರುಮಾಳ್‌ಗೆ ಕಾಣತ್ತೆ. ವಾಸಿಯಾದ ಮೇಲೆ ಮನೇಲೇ ಮಾಡಿಸಿ ಹಾಕ್ಕೊಳ್ಳಿ." ಮಾಮನ ಕಣ್ಣಲ್ಲಿ ನೀರು ಬಂತು. ಅವರು ಹೋದ ಮೇಲೆ ಸಾರ್ ನನ್ನ ಕಡೆ ತಿರುಗಿ, "ಯಾವುದನ್ನು ಬಿಡಿಸಬೇಕು ಅಂತ ಹೇಳೋ ಮುಂಚೆ ಯಾಕೆ ಹಿಡ್ಕೊಂಡಿದಾರೆ ಅಂತ ಕೇಳಮ್ಮಾ" ಅಂದರು. ಅಪೂರ್ವ, ನೀನು ಇದೊಂದನ್ನು ಬರೆದಿಟ್ಟುಕೋ.

ಈಗ ಆ ವಿಷಯಕ್ಕೆ ಬರುತ್ತೇನೆ. ಬರದೆ ಗತಿಯಿಲ್ಲ.

ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ. ರೈಲ್ವೆ ಕ್ವಾರ್ಟರ್ಸಿನಲ್ಲಿ ಲಲಿತಮ್ಮ ಅಂತ ಮೈಸೂರಿನ ಕಡೆಯವರು. ಯಜಮಾನರು ರೈಲುಬೋಗಿ ಕಾರ್ಖಾನೆಯ ಆಫೀಸಿನಲ್ಲಿ. ಆಸ್ಪತ್ರೆಯಲ್ಲಿ ಕನ್ನಡ ಮಾತಾಡುವ ಡಾಕ್ಟರು ಇದ್ದಾರೆ ಅಂತ ಗೊತ್ತಾದದ್ದೇ ತಡ, ಅವರಿಗೆ ಹಿಗ್ಗೋ ಹಿಗ್ಗು. ಶ್ರಾವಣದ ಶುಕ್ರವಾರ ಅರಿಶಿನ ಕುಂಕುಮಕ್ಕೆ ಕರೆದರು. ನಮ್ಮದು ಮೂರು ತಲೆಮಾರಿನಿಂದ ಮದರಾಸಿನಲ್ಲೇ ಬೆಳೆದ ಮಾಧ್ವರ ಮನೆ. ಅಚ್ಚಕನ್ನಡ ಕೇಳಿದರೆ ನನಗೆ ಕಿವಿ ತಂಪಾಗುತ್ತಿತ್ತು. ಹೋದೆ. ಹತ್ತು ಹನ್ನೆರಡು ಹೆಂಗಸರು ಜಮಖಾನದ ಮೇಲೆ ಕೂತಿದ್ದರು. ನಾನು ಕೂತದ್ದೇ ತಡ, ಒಬ್ಬೊಬ್ಬರೂ ಮುಖ ಮುಂದೆ ತಂದರು. ಇದು ಏನು ಡಾಕ್ಟ್ರೇ, ಇದು ನೋಡಿ ಡಾಕ್ಟ್ರೇ. ಇಪ್ಪತ್ತೊಂಬತ್ತು ವರ್ಷದ ನನಗೆ ತಲೆ ನಿಲ್ಲಲಿಲ್ಲ, ಅಷ್ಟು ಮರ್ಯಾದೆ!

ಲಲಿತಮ್ಮನ ಎರಡೂ ಕೆನ್ನೆಯ ಮೇಲೆ ಬಂಗು ಇತ್ತು. ಕಂದು ಮಚ್ಚೆ, ಹೆರಿಗೆಯಾದ ಮೇಲೆ ಹೆಂಗಸರಿಗೆ ಬರುವಂಥದು. "ಇದೊಂದು ಹೋಗೋ ಹಾಗೆ ಏನಾದ್ರೂ ಬರ್ಕೊಡಿ ಡಾಕ್ಟ್ರೇ, ನಾದಿನಿ ಮದುವೆ ಇದೆ" ಅಂದರು. ಆಸ್ಪತ್ರೆಯ ಕಾರ್ಡು ಅಲ್ಲಿ ಎಲ್ಲಿಂದ ಬರಬೇಕು? ಅವರೇ ಗೋಡೆಯ ದಿನದ ಕ್ಯಾಲೆಂಡರಿನಿಂದ ಹರಿದಿಟ್ಟಿದ್ದ ಹಳೆಯ ಹಾಳೆಯೊಂದನ್ನು ತಂದು ಕೊಟ್ಟರು. ಅದರ ಬೆನ್ನಿಗೆ ಒಂದು ಸ್ಟೀರಾಯ್ಡ್ ಮುಲಾಮಿನ ಹೆಸರು ಬರೆದೆ. ಕೆಳಗೆ ಕನ್ನಡದಲ್ಲಿ, ಗುಂಡಗೆ, "ಮಲಗುವ ಮುಂಚೆ ಮುಖಕ್ಕೆ ತೆಳ್ಳಗೆ" ಅಂತ. ಹದಿನೈದು ದಿನ ಸಾಕು, ಆಮೇಲೆ ನಿಲ್ಲಿಸಿಬಿಡಿ ಅಂತ ಬಾಯಲ್ಲಿ ಹೇಳಿದೆ. ಆ ಹೊತ್ತಿಗೆ ಕೋಸಂಬರಿ ಬಂತು.

ಹದಿನೈದು ದಿನಕ್ಕೆ ಲಲಿತಮ್ಮನ ಮುಖ ಹೊಳೆಯಿತು. ಆ ಮುಲಾಮು ಮೊದಲು ಹಾಗೇ ಮಾಡುವುದು, ಅದೇ ಅದರ ಮೋಸ. ಮದುವೆಯಲ್ಲಿ ಎಲ್ಲರೂ ಕೇಳಿದರಂತೆ. ನಾನು ಕೊಟ್ಟ ಚೀಟಿ ಕೈಯಿಂದ ಕೈಗೆ ಹೋಯಿತು. ತಾಂಬೂಲದ ಜೊತೆ ಚೀಟಿಯ ನಕಲು. ಜೆರಾಕ್ಸ್ ಅಂಗಡಿ ಬಂದ ಮೇಲಂತೂ ಕೇಳಬೇಡಿ. ಔಷಧಿ ಅಂಗಡಿಯವರು ಚೀಟಿ ನೋಡಿ ಟ್ಯೂಬು ಕೊಡುತ್ತಿದ್ದರು. ಡಾಕ್ಟರು ಬರೆದದ್ದಲ್ಲವೇ! ನನಗೆ ಇದು ಒಂದೂ ಗೊತ್ತಿರಲಿಲ್ಲ. ನಾನು ಬಡ್ತಿ ಪಡೆದು, ಕೂದಲು ಎರಡು ನರೆತು, ಮನೆ ಬದಲಾಯಿಸಿ, ಆ ಕ್ವಾರ್ಟರ್ಸಿನ ಕಡೆ ಹೋಗುವುದೇ ನಿಂತಿತ್ತು.

ಎಂಟು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಲಲಿತಮ್ಮ ಬಂದರು, ಜೊತೆಯಲ್ಲಿ ಮಗಳು ಸುಜಾತ. ಅರಿಶಿನ ಕುಂಕುಮದ ದಿನ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಹನ್ನೊಂದು ವರ್ಷದ ಹುಡುಗಿ ಈಗ ಹತ್ತೊಂಬತ್ತು. ಮುಖಕ್ಕೆ ದುಪಟ್ಟಾ ಸುತ್ತಿಕೊಂಡಿದ್ದಳು. ಬಿಚ್ಚಿದಳು. ಕೆನ್ನೆಯೆಲ್ಲ ಕೆಂಡದ ಕೆಂಪು, ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು, ಒಳಗಿನ ಸಣ್ಣ ಸಣ್ಣ ರಕ್ತನಾಳ ಎಣಿಸಬಹುದು. ಗಲ್ಲದ ಮೇಲೆ ಕೀವಿನ ಗುಳ್ಳೆ, ಕಿವಿಯ ಹತ್ತಿರ ಗಂಡುಮಕ್ಕಳ ಹಾಗೆ ಕೂದಲು.

"ಡಾಕ್ಟ್ರೇ, ಮುಲಾಮು ಈಗ ಮೊದಲಿನ ಹಾಗೆ ಹಿಡೀತಿಲ್ಲ ಕಣ್ರೀ" ಅಂದರು ಲಲಿತಮ್ಮ. "ಕಲಬೆರಕೆ ಬರ್ತಿದ್ಯೋ ಏನೋ. ಎರಡು ಹೊತ್ತು ಹಚ್ಚಿದ್ರೂ ಉರಿ ಉರಿ ಅಂತಾಳೆ. ಒಂದು ದಿನ ಬಿಟ್ರೆ ಇನ್ನೂ ಜಾಸ್ತಿ."

"ಯಾವ ಮುಲಾಮು?" ಅಂದೆ.

"ಅಯ್ಯೋ, ನಿಮ್ಮದೇ!" ಪರ್ಸಿನಿಂದ ಪ್ಲಾಸ್ಟಿಕ್ ಹಾಕಿಸಿದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಕ್ಯಾಲೆಂಡರ್ ಹಾಳೆ. ನನ್ನ ಗುಂಡಗಿನ ಅಕ್ಷರ. "ದೇವರ ಮನೇಲಿ ಕುಂಕುಮದ ಭರಣಿ ಹತ್ರ ಇಟ್ಕೊಂಡಿದೀನಿ. ಇವಳು ದೊಡ್ಡೋಳಾದ ಮೇಲೆ ಮೊಡವೆ ಬಂತು, ಬಣ್ಣಾನೂ ಸ್ವಲ್ಪ ಕಡಿಮೆ ಅಲ್ವಾ, ಆವಾಗಿಂದ ಹಚ್ತಿದೀನಿ. ನಾನೇ ನನ್ನ ಕೈಯಾರೆ, ದಿನಾ ತಪ್ಪದೆ."

ಆರು ವರ್ಷ. ಏನು ಮಾಡುವುದೋ ತಿಳಿಯದೆ, ಸಾರ್ ಕಲಿಸಿದ ಅಭ್ಯಾಸ, ಹುಡುಗಿಯ ಕೈ ಹಿಡಿದು ಎಬ್ಬಿಸಿ ಕಿಟಕಿಯ ಕಡೆ ನಡೆಸಿದೆ. ಅವಳು ಎರಡು ಹೆಜ್ಜೆ ಬಂದವಳು ಬೆಳಕು ಮುಖಕ್ಕೆ ಬಿದ್ದ ತಕ್ಷಣ ಕೈ ಕಿತ್ತುಕೊಂಡು ಗೋಡೆಗೆ ತಿರುಗಿಬಿಟ್ಟಳು. "ವೇಣ್ಡಾಂ ಡಾಕ್ಟರ್, ಎರಿಯುದು." ಬೇಡ, ಉರಿಯುತ್ತದೆ ಅಂತ. ಇಲ್ಲಿ ಶಾಲೆಗೆ ಹೋದ ಮಕ್ಕಳು ಹಾಗೇ, ಅಮ್ಮ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಎರಡು ತಿಂಗಳಿಂದ ಕಾಲೇಜಿಗೆ ಹೋಗಿಲ್ಲ, ಒಲೆಯ ಮುಂದೆ ನಿಲ್ಲಲಾಗುವುದಿಲ್ಲ, ಮನೆಯ ಕಿಟಕಿಗೆಲ್ಲ ಪರದೆ ಹಾಕಿಸಿಕೊಂಡಿದ್ದಾಳೆ ಅಂತ ಲಲಿತಮ್ಮ ಹೇಳಿದರು.

ಅವರನ್ನು ಹೊರಗೆ ಕೂರಿಸಿ ಚೀಟಿ ಹಿಡಿದುಕೊಂಡು ಸಾರ್ ಹತ್ತಿರ ಹೋದೆ. ಅದು ಅವರ ಸರ್ವೀಸಿನ ಕೊನೆಯ ವರ್ಷ. ಎರಡು ಸಲ ಓದಿದರು.

"ಕೈಬರಹ ಚೆನ್ನಾಗಿದೆ" ಅಂದರು. ಬೈದಿದ್ದರೆ ವಾಸಿಯಿತ್ತು. "ಯಾವತ್ತು ನಿಲ್ಲಿಸಬೇಕು ಅನ್ನೋದು ಎಲ್ಲಿದೆ?"

"ಬಾಯಲ್ಲಿ ಹೇಳಿದ್ದೆ ಸಾರ್. ಹದಿನೈದು ದಿನ ಅಂತ."

"ಬಾಯಲ್ಲಿ ಹೇಳಿದ್ದು ಅವರ ಮನೇಲೇ ಉಳಿದುಹೋಯ್ತು. ಕಾಗದ ಊರು ಸುತ್ತಿತು. ಹೋಗಿ ಹೇಳು."

"ನೀವು ಒಂದು ಮಾತು ಹೇಳಿದರೆ..."

"ನಾನು ಹೇಳಿದರೆ ಅದು ಮುಲಾಮಿನ ತಪ್ಪಾಗತ್ತೆ. ನೀನೇ ಹೇಳು."

ಹೇಳಿದೆ. ಮೊದಲು ಲಲಿತಮ್ಮ ಒಪ್ಪಲೇ ಇಲ್ಲ. "ಬಿಡಿ ಡಾಕ್ಟ್ರೇ, ನೀವು ಯಾಕೆ ನಿಮ್ಮ ಮೇಲೆ ಹಾಕ್ಕೋತೀರಿ" ಅಂತ ನನ್ನನ್ನೇ ಸಮಾಧಾನ ಮಾಡಿದರು. ನಾನು ಇನ್ನೊಂದು ಸಲ ಬಿಡಿಸಿ ಹೇಳಿದೆ. ಈ ಮುಲಾಮು ದಿನಾ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಟ್ಟರೆ ಕೆರಳುತ್ತದೆ, ಅದಕ್ಕೇ ಬಿಡಲು ಆಗದ ಹಾಗೆ ಆಗುತ್ತದೆ, ಇದನ್ನು ನಾನು ಬರೆಯಬೇಕಿತ್ತು, ಬರೆಯಲಿಲ್ಲ. ಅವರು ತಮ್ಮ ಬಲಗೈಯನ್ನೇ ನೋಡುತ್ತ ಕೂತರು. "ಅಂದ್ರೆ ನನ್ನ ಕೈಯಾರೆ ನಾನೇ..." ಅಂದರು. ಆಮೇಲೆ ಒಮ್ಮೆಲೇ ಸಿಟ್ಟು ಬಂತು. "ಡಾಕ್ಟರಾಗಿ ಒಂದು ಗೆರೆ ಬರೆಯೋಕೆ ನಿಮಗೆ ಏನಾಗಿತ್ತು?" ಕೋಣೆಯಲ್ಲಿದ್ದ ಇತರ ರೋಗಿಗಳೆಲ್ಲ ತಿರುಗಿ ನೋಡಿದರು.

ಕಷ್ಟ ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ತಿಂಗಳು ಸುಜಾತಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಇವತ್ತು ನಿಲ್ಲಿಸಿದರೆ ಮುಂದಿನ ತಿಂಗಳಿಗೆ ಸರಿಯಾಗಿ ಮುಖ ಅತಿ ಕೆಟ್ಟದಾಗಿ ಕಾಣುತ್ತದೆ, ಊದಿಕೊಳ್ಳುತ್ತದೆ, ಸಿಪ್ಪೆ ಏಳುತ್ತದೆ. ಸರಿಯಾಗಲು ತಿಂಗಳುಗಳು ಬೇಕು. ಲಲಿತಮ್ಮ ಕೈ ಮುಗಿದರು. "ಇದೊಂದು ತಿಂಗಳು ಹಚ್ಚಿಬಿಡೋಣ ಡಾಕ್ಟ್ರೇ. ಅವರು ನೋಡ್ಕೊಂಡು ಹೋಗ್ಲಿ. ಮಾರನೇ ದಿನಾನೇ ನಿಲ್ಲಿಸಿಬಿಡ್ತೀನಿ, ದೇವರಾಣೆ."

ನಿಜ ಹೇಳುತ್ತೇನೆ, ಹೂಂ ಅನ್ನುವ ಆಸೆ ನನಗೂ ಆಯಿತು. ಹೂಂ ಅಂದರೆ ನನ್ನ ತಪ್ಪೂ ಒಂದು ತಿಂಗಳು ಮುಚ್ಚಿರುತ್ತಿತ್ತು. ನಾನು ಬಾಯಿ ತೆರೆಯುವ ಮುಂಚೆ ಸುಜಾತ ಮಾತಾಡಿದಳು. ಅಲ್ಲಿಯತನಕ ಅವಳನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ನಾನ್ ಮೊಟ್ಟೈಮಾಡಿಲ ನಿಕ್ಕಣುಂ ಡಾಕ್ಟರ್. ಅವ್ವಳವುದಾನ್."

ತಾರಸಿಯ ಮೇಲೆ ನಿಲ್ಲಬೇಕಂತೆ. ಅಷ್ಟೇ ಅಂತೆ. ಬಿಸಿಲಿನಲ್ಲಿ ನಿಂತು ಬಟ್ಟೆ ಒಣಹಾಕಬೇಕು, ಮುಖ ಉರಿಯಬಾರದು. ಹತ್ತೊಂಬತ್ತು ವರ್ಷದ ಹುಡುಗಿ ಕೇಳಿದ್ದು ಇದು. ಮುಲಾಮು ಅವತ್ತೇ ನಿಂತಿತು.

ನಾನು ಕೊಟ್ಟದ್ದು ಹೆಚ್ಚೇನೂ ಅಲ್ಲ. ಒಂದು ಮಾತ್ರೆ, ಬರೀ ಪೆಟ್ರೋಲಿಯಂ ಜೆಲ್ಲಿ, ತಣ್ಣೀರಿನ ಬಟ್ಟೆ, ಸೋಪು ಬೇಡ, ಕಡಲೆಹಿಟ್ಟು ಬೇಡ, ಅರಿಶಿನ ಬೇಡ. ಜನರಿಗೆ ಇದೇ ಅರ್ಥವಾಗುವುದಿಲ್ಲ. ಏನೂ ಹಚ್ಚದೆ ಇರುವುದು ಒಂದು ವೈದ್ಯ ಅಂದರೆ ಡಾಕ್ಟರಿಗೆ ಏನೂ ಬರುವುದಿಲ್ಲ ಅಂದುಕೊಳ್ಳುತ್ತಾರೆ. ಹತ್ತು ದಿನಕ್ಕೆ ಅವಳ ಮುಖ ಊದಿ ಕಣ್ಣು ಮುಚ್ಚಿಹೋಯಿತು. ಗಂಡಿನ ಕಡೆಯವರಿಗೆ ಮುಂದೆ ಬನ್ನಿ ಅಂತ ಹೇಳಿ ಕಳಿಸಿದರು. ಅವರು ಮತ್ತೆ ಬರಲೇ ಇಲ್ಲ.

ಪ್ರತಿ ಶನಿವಾರ ಆಸ್ಪತ್ರೆ ಮುಗಿಸಿ ಅವರ ಮನೆಗೆ ಹೋಗುತ್ತಿದ್ದೆ. ಲಲಿತಮ್ಮ ಬಾಗಿಲು ತೆಗೆಯುತ್ತಿದ್ದರು, ಕಾಫಿ ತಂದು ಟೇಬಲಿನ ಮೇಲೆ ಇಡುತ್ತಿದ್ದರು, ಮಾತಿಲ್ಲ. ನಾಲ್ಕು ತಿಂಗಳು ಒಂದು ಮಾತಿಲ್ಲ. ಆದರೆ ಕಾಫಿ ಮಾತ್ರ ಒಂದು ಶನಿವಾರವೂ ತಪ್ಪಲಿಲ್ಲ. ಆ ಕಾಫಿ ಕುಡಿಯುವುದು ನನಗೆ ಪರೀಕ್ಷೆಗಿಂತ ಕಷ್ಟವಾಗಿತ್ತು. ಸುಜಾತ ಮಾತ್ರ ಗಟ್ಟಿ. ದಿನಾ ಕ್ಯಾಲೆಂಡರ್ ಹಾಳೆ ಹರಿದು ಅದರ ಬೆನ್ನಿಗೆ ಅವತ್ತಿನ ಉರಿ ಎಷ್ಟು ಅಂತ ಬರೆದಿಡುತ್ತಿದ್ದಳು. ಬಹಳ. ಬಹಳ. ಸ್ವಲ್ಪ ಕಡಿಮೆ. ಮತ್ತೆ ಬಹಳ. ಶನಿವಾರ ಏಳು ಹಾಳೆ ಜೋಡಿಸಿ ನನಗೆ ಕೊಟ್ಟು, "ನೀಂಗ ಎಳುದಲ, ನಾನ್ ಎಳುದರೇನ್" ಅನ್ನುತ್ತಿದ್ದಳು. ನೀವು ಬರೆಯಲಿಲ್ಲ, ನಾನು ಬರೆಯುತ್ತೇನೆ! ಚುಚ್ಚುತ್ತಿದ್ದಳು, ನಗುತ್ತಲೂ ಇದ್ದಳು.

ಚಳಿಗಾಲ ಕಳೆದು, ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಅವಳೊಬ್ಬಳೇ ಆಸ್ಪತ್ರೆಗೆ ಬಂದಳು. ದುಪಟ್ಟಾ ಹೆಗಲ ಮೇಲಿತ್ತು. ನಾನು ಕೇಳುವ ಮುಂಚೆಯೇ ನೆಟ್ಟಗೆ ಕಿಟಕಿಯ ಹತ್ತಿರ ಹೋಗಿ ಬೆಳಗಿನ ಬಿಸಿಲಿಗೆ ಮುಖ ಕೊಟ್ಟು ನಿಂತಳು. ಕೆನ್ನೆಯ ಮೇಲೆ ನಾಲ್ಕೈದು ಕೆಂಪು ಗೆರೆ ಉಳಿದಿದ್ದವು, ಅವು ಈಗಲೂ ಇವೆ. ಉಳಿದದ್ದೆಲ್ಲ ಅವಳ ಸ್ವಂತ ಬಣ್ಣ, ಮಾಗಿದ ಸಪೋಟದ ಕಂದು. ಕೈಯಲ್ಲಿ ಒಂದೇ ಒಂದು ಹಾಳೆ: "ಇನ್ನಿಕ್ಕಿ ಎರೀಲ." ಇವತ್ತು ಉರಿಯಲಿಲ್ಲ. ನಾನು ರೋಗಿಗಳ ಮುಂದೆ ಅತ್ತದ್ದು ಅದೊಂದೇ ಸಲ. ವರದರಾಜನ್ ಸಾರ್ ಪಕ್ಕದ ಮೇಜಿನಿಂದ ನೋಡಿ, "ಮುಂದಿನ ಪೇಷಂಟ್" ಅಂತ ಜೋರಾಗಿ ಕೂಗಿ ನನ್ನ ಮಾನ ಉಳಿಸಿದರು.

ಅವತ್ತಿನಿಂದ ನನ್ನ ಚೀಟಿಯ ತಲೆಯ ಮೇಲೆ ಮುಲಾಮಿನ ಹೆಸರಿಗಿಂತ ದೊಡ್ಡದಾಗಿ ನಿಲ್ಲಿಸುವ ತಾರೀಖು ಇರುತ್ತಿತ್ತು. ತಮಿಳಿನವರಿಗೆ ತಮಿಳಿನಲ್ಲಿ, ನಮ್ಮವರಿಗೆ ಕನ್ನಡದಲ್ಲಿ, ಸುತ್ತ ಒಂದು ಚೌಕದ ಗೆರೆ. ಮುಂದಿನ ಶ್ರಾವಣದಲ್ಲಿ ಲಲಿತಮ್ಮ ಮೌನ ಮುರಿದು, "ಬನ್ನಿ, ಹೋಗೋಣ" ಅಂತ ಒಂದು ಮಾತು ಆಡಿದರು. ನಾವಿಬ್ಬರೂ ಕನ್ನಡದವರ ಮನೆಮನೆಗೆ ಅರಿಶಿನ ಕುಂಕುಮಕ್ಕೆ ಹೊರಟೆವು. ಕರೆಯದ ಮನೆಗೂ ಹೋದೆವು. ತಾಂಬೂಲ ಕೊಡಲು ಬಂದವರಿಗೆ ನಾನು, "ತಾಂಬೂಲ ಆಮೇಲೆ, ನನ್ನ ಚೀಟಿ ಇದ್ದರೆ ಕೊಡಿ" ಅನ್ನುತ್ತಿದ್ದೆ. ಕೆಲವರು ಕೊಟ್ಟರು. ಕೆಲವರು ಇಲ್ಲವೆಂದು ಬಾಗಿಲ ಮರೆಗೆ ಹೋಗಿ ಬಚ್ಚಿಟ್ಟರು. ಒಬ್ಬಾಕೆಯಂತೂ "ನಿಮಗೆ ನಮ್ಮ ಬಣ್ಣದ ಮೇಲೆ ಹೊಟ್ಟೆಕಿಚ್ಚು" ಅಂದುಬಿಟ್ಟಳು. ಆ ತಿಂಗಳಲ್ಲಿ ಹನ್ನೊಂದು ಚೀಟಿ ವಾಪಸು ಬಂತು. ಮೂಲ ಹಾಳೆಯನ್ನು ಲಲಿತಮ್ಮ ನನ್ನ ಮಡಿಲಿಗೆ ಅಕ್ಕಿ ಬೆಲ್ಲದ ಜೊತೆ ಹಾಕಿದರು. ಅದು ನನ್ನ ಬೀರುವಿನಲ್ಲಿದೆ. ಲಲಿತಮ್ಮ ಈಗಿಲ್ಲ.

ಸಾರ್ ನಿವೃತ್ತರಾಗಿ ಹೋಗುವಾಗ ತಮ್ಮ ಭೂತಗನ್ನಡಿಯನ್ನು ನನಗೆ ಕೊಟ್ಟು ಹೋದರು. ಆ ಕೋಣೆಯಲ್ಲಿ ನಾನು ಇನ್ನೂ ಬಹಳ ವರ್ಷ ಕೂತೆ. ಎಷ್ಟೋ ಬದಲಾಯಿತು. ಹುಳುಕಡ್ಡಿ ಮೊದಲು ಮೂರು ವಾರದ ಮುಲಾಮಿಗೆ ಹೋಗುತ್ತಿತ್ತು, ಈಗ ಜನ ಅಂಗಡಿಯ ಸ್ಟೀರಾಯ್ಡ್ ಬೆರೆತ ಟ್ಯೂಬು ಹಚ್ಚಿ ಹಚ್ಚಿ ಮೈತುಂಬ ಹಬ್ಬಿಸಿಕೊಂಡು ಬರುತ್ತಾರೆ, ಒಂದೇ ಟವೆಲಿನಲ್ಲಿ ಮನೆಮಂದಿಗೆಲ್ಲ ಹಂಚುತ್ತಾರೆ. ಹೋದ ವರ್ಷ ಆ ಕಡೆ ಹೋಗಿದ್ದೆ. ಆ ಕೋಣೆಗೆ ಎಸಿ ಬಂದಿದೆ. ಕಿಟಕಿಯನ್ನು ಗೋಡೆ ಕಟ್ಟಿ ಮುಚ್ಚಿಬಿಟ್ಟಿದ್ದಾರೆ.

ಈಗ ಅಪೂರ್ವಳ ಮಾತು. ಹೋದ ತಿಂಗಳು ಭಾನುವಾರ ನಮ್ಮ ವೇಲಚೇರಿ ಫ್ಲಾಟಿಗೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದಳು. ಅವಳ ಆಸ್ಪತ್ರೆಗೆ ಒಂದು ಹುಡುಗಿ ಬಂದಿದ್ದಳಂತೆ. ಮುಖ ಕೆಂಡ, ಚರ್ಮ ತೆಳು. ಏನು ಹಚ್ಚಿದೆ ಅಂದರೆ ಮೊಬೈಲು ತೆಗೆದು ಒಂದು ಫೋಟೋ ತೋರಿಸಿದಳಂತೆ, ಯಾವುದೋ ಕನ್ನಡ ಹೆಂಗಸರ ಗುಂಪಿನಲ್ಲಿ ಬಂದದ್ದು, "ಹಳೇ ಮದರಾಸಿನ ಕೈಗುಣದ ಚೀಟಿ" ಅಂತ.

"ಯಾರ್ ದೊಡ್ಡಮ್ಮ ಇಂಥ ಮುಟ್ಠಾಳರು? ಮುಖಕ್ಕೆ ಸ್ಟೀರಾಯ್ಡು, ಎಷ್ಟು ದಿನ ಅಂತಾನೇ ಇಲ್ಲ! ಲೈಸೆನ್ಸ್ ಕಿತ್ತು ಬಿಸಾಕ್ಬೇಕು ಇವ್ರದ್ದು. ಯಾರು ಬರೆದಿದ್ದು ಅಂದ್ರೆ, ಆ ಡಾಕ್ಟ್ರು ಈಗ ಸತ್ತುಹೋಗಿರ್ತಾರೆ ಅಂತಾಳೆ ಆ ಹುಡ್ಗಿ." ಮೊಬೈಲು ನನ್ನ ಮೂಗಿನ ಹತ್ತಿರ ಹಿಡಿದಳು.

ಜೆರಾಕ್ಸಿನ ಜೆರಾಕ್ಸು. ಮಡಿಸಿದ ಗುರುತು, ಎಣ್ಣೆಯ ಕಲೆ. ಕೈಬರಹ ಚೆನ್ನಾಗಿತ್ತು.

"ಸತ್ತಿಲ್ಲ ಕಣೇ" ಅಂದೆ. "ನಿನ್ನ ಎದುರಿಗೆ ಕೂತು ಕಾಫಿ ಕುಡೀತಿದಾಳೆ."

ಅವಳು ಫೋಟೋ ನೋಡಿದಳು, ನನ್ನನ್ನು ನೋಡಿದಳು. ಫ್ರಿಜ್ಜಿನ ಮೇಲೆ ನಾನು ಅಂಟಿಸಿದ್ದ ಸಾಮಾನಿನ ಪಟ್ಟಿ ನೋಡಿದಳು. ಅದೇ ಗುಂಡಗಿನ ಅಕ್ಷರ. ಕೂತುಬಿಟ್ಟಳು. ನಾನು ಬೀರು ತೆಗೆದು ಮೂಲ ಹಾಳೆ ತಂದೆ. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಹೇಳಿ ಮುಗಿದ ಮೇಲೆ ಆ ಹುಡುಗಿಯನ್ನು ನನ್ನ ಹತ್ತಿರ ಕರೆದುಕೊಂಡು ಬಾ ಅಂದೆ. ಬಂದಳು, ಬರುತ್ತಿದ್ದಾಳೆ, ನಮ್ಮ ಬಾಲ್ಕನಿಯ ಬೆಳಕಿನಲ್ಲಿ ನೋಡುತ್ತೇವೆ.

ಅದೇ ಭಾನುವಾರ ಆ ಹಳೆಯ ಹಾಳೆಯ ಪ್ಲಾಸ್ಟಿಕ್ಕಿನ ಮೇಲೇ ಮಾರ್ಕರಿನಲ್ಲಿ, ಮುಲಾಮಿನ ಹೆಸರಿಗೆ ದಪ್ಪ ಗೆರೆ ಹೊಡೆದು, ಕೆಳಗೆ ಬರೆದೆ: "ಹದಿನೈದು ದಿನಕ್ಕೆ ಮಾತ್ರ ಬರೆದದ್ದು. ಈಗ ಯಾರೂ ಹಚ್ಚಬೇಡಿ. ಹಚ್ಚುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಇದನ್ನು ಬರೆದ ಡಾಕ್ಟರು ಬದುಕಿದ್ದಾಳೆ." ಅಕ್ಷರ ಸೊಟ್ಟಗಾಯಿತು. ಅಪೂರ್ವ ಫೋಟೋ ತೆಗೆದಳು. ಯಾರಿಗೆ ಕಳಿಸಲಿ ಅಂದಳು. ಮೊದಲು ಸುಜಾತಳಿಗೆ ಅಂದೆ. ಸುಜಾತಳಿಗೆ ಈಗ ನಲವತ್ತೆಂಟು, ಪೆರಂಬೂರಿನಲ್ಲೇ ಇದ್ದಾಳೆ, ಇಲ್ಲಿನ ಕನ್ನಡದ ಹೆಂಗಸರ ಗುಂಪುಗಳಲ್ಲಿ ಅವಳಿಲ್ಲದ್ದು ಇಲ್ಲ.

ಐದು ನಿಮಿಷಕ್ಕೆ ಫೋನು ಬಂತು. ಹಿಂದೆ ಗಾಳಿಯ ಸದ್ದು, ಒಗೆದ ಬಟ್ಟೆ ಪಟಪಟ ಅನ್ನುತ್ತಿತ್ತು, ತಾರಸಿಯ ಮೇಲಿದ್ದಳು. ಎಲ್ಲರಿಗೂ ಕಳಿಸುತ್ತೇನೆ ಅಂದಳು. ಆಮೇಲೆ, ನನ್ನ ಜೊತೆ ಯಾವಾಗಲೂ ತಮಿಳಿನಲ್ಲೇ ಮಾತಾಡುವವಳು ಅವತ್ತು ಅವಳಮ್ಮನ ಕನ್ನಡದಲ್ಲಿ, ಅವಳಮ್ಮನದೇ ದನಿಯಲ್ಲಿ ಅಂದಳು:

"ಇದನ್ನ ಅವತ್ತೇ ಬರೀಬಹುದಿತ್ತಲ್ಲ ಡಾಕ್ಟ್ರೇ."